ನಾಲ್ಕರಿಂದ ಏಳೂವರೆವರೆಗೆ ಮಗು ಎಲ್ಲಿರಬೇಕು?

ವಿಜಯನಗರದ ಅಮ್ಮ

ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ಬರೆದೇ ಮಲಗುತ್ತೇನೆ.

ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ನನ್ನ ಆಫೀಸು ಕುಂದಲಹಳ್ಳಿ ಹತ್ತಿರ, ಅಕೌಂಟ್ಸ್ ಕೆಲಸ. 2023ರ ಅಕ್ಟೋಬರ್‌ನಲ್ಲಿ ಮೆಟ್ರೋ ನೇರಳೆ ಮಾರ್ಗ ಪೂರ್ತಿ ಶುರುವಾದ ಮೇಲೆ ಓಡಾಟ ಎಷ್ಟೋ ಸಲೀಸಾಗಿದೆ. ಆದರೂ ಆರು ಗಂಟೆಗೆ ಕುರ್ಚಿ ಬಿಟ್ಟರೆ ಮನೆ ಬಾಗಿಲು ಮುಟ್ಟುವಾಗ ಏಳೂವರೆ. ಯಜಮಾನರಿಗೆ ಪೀಣ್ಯದಲ್ಲಿ ಕೆಲಸ, ಜನರಲ್ ಶಿಫ್ಟು, ಅವರು ಬರುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಸ್ಕೂಲ್ ವ್ಯಾನು ಅವಳನ್ನು 3:50ಕ್ಕೆ ಮನೆ ಮುಂದೆ ಇಳಿಸುತ್ತದೆ.

ಜೂನ್‌ವರೆಗೆ ಅತ್ತೆ ಇದ್ದರು. ಮಾವನವರಿಗೆ ಮಂಡಿ ಆಪರೇಷನ್ ಆಯಿತು, ತಿಪಟೂರು ಹತ್ತಿರದ ಊರಲ್ಲಿ ತೋಟ ನೋಡುವವರೂ ಇಲ್ಲ, ಹಾಗಾಗಿ ಅವರು ಹೋಗಲೇಬೇಕಾಯಿತು. ಈಗ ಮಗಳು ಎದುರು ಮನೆ ಆಂಟಿ ಹತ್ತಿರ ಇರುತ್ತಾಳೆ. ಒಳ್ಳೆಯವರು. ಆದರೆ ಅವರಿಗೂ ಅವರ ಮನೆ ಇದೆಯಲ್ಲ, ದಿನಾ ಅವರ ಮುಖ ನೋಡಿದಾಗ ಸಂಕೋಚವಾಗುತ್ತದೆ.

ಮೊನ್ನೆ ಸಂಜೆ ನಾಲ್ಕೂಕಾಲಿಗೆ ಆಂಟಿಯ ಫೋನಿಂದ ಮಗಳು ಕರೆ ಮಾಡಿದಳು. "ಅಮ್ಮಾ, ಮೀಟಿಂಗಲ್ಲಿ ಇದ್ದೀಯಾ?" ಅಂದಳು. ಹೂಂ ಪುಟ್ಟಾ, ಬೇಗ ಹೇಳು ಅಂದೆ. "ಹಂಗಾದ್ರೆ ಬೇಡ ಬಿಡು, ಆಮೇಲೆ ಹೇಳ್ತೀನಿ" ಅಂದು ಇಟ್ಟಳು. ರಾತ್ರಿ ನಾನು ಅಡುಗೆ ಮುಗಿಸುವಷ್ಟರಲ್ಲಿ ನಿದ್ದೆ ಹೋಗಿದ್ದಳು. ಬೆಳಿಗ್ಗೆಗೆ ಬ್ಯಾಗು ಜೋಡಿಸೋಣ ಅಂತ ಪೆನ್ಸಿಲ್ ಡಬ್ಬಿ ತೆಗೆದರೆ, ನೋಟ್ ಬುಕ್ಕಿನ ಹಾಳೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು. ಒಳಗೆ ಒಂದು ಹಲ್ಲು. ಬುಡದಲ್ಲಿ ಒಂದು ಚೂರು ರಕ್ತ ಒಣಗಿ ಕಂದಾಗಿತ್ತು. ಹಾಳೆ ಮೇಲೆ ಪೆನ್ಸಿಲ್‌ನಲ್ಲಿ ಬರೆದಿದ್ದಳು: "ಅಮ್ಮಂಗೆ ತೋರಸಬೇಕು".

ಅವಳ ಮೊದಲ ಹಲ್ಲು ಬಿದ್ದದ್ದು ಅದು.

ನನಗೆ 2018ರಲ್ಲಿ ಹೆರಿಗೆಯಾದಾಗ ಪೂರ್ತಿ 26 ವಾರ ಸಂಬಳದ ರಜೆ ಸಿಕ್ಕಿತ್ತು. ಹಿಂದಿನ ವರ್ಷ ತಾನೇ ಕಾಯ್ದೆ ತಿದ್ದುಪಡಿಯಾಗಿ 12 ವಾರ ಇದ್ದದ್ದು 26 ಆಗಿತ್ತು. ಆ ಆರು ತಿಂಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆಮೇಲಿನ ಹದಿನೈದು ವರ್ಷದ ಬಗ್ಗೆ ಯಾರೂ ಮಾತಾಡುವುದಿಲ್ಲ. ನಿಜವಾದ ಕಷ್ಟ ಶುರುವಾಗುವುದೇ ಮಗು ಸ್ಕೂಲಿಗೆ ಹೋಗೋಕೆ ಶುರುಮಾಡಿದ ಮೇಲೆ ಅಂತ ನನಗೆ ಈಗ ಗೊತ್ತಾಗುತ್ತಿದೆ. ಸ್ಕೂಲು ಮುಗಿಯುವ ಹೊತ್ತಿಗೂ ಆಫೀಸು ಮುಗಿಯುವ ಹೊತ್ತಿಗೂ ತಾಳೆಯೇ ಇಲ್ಲ. ನೀವೆಲ್ಲ ಆ ಮೂರು ಮೂರೂವರೆ ಗಂಟೆ ಏನು ಮಾಡುತ್ತೀರಿ?

ಒಂದು ಮಾತು. ಕೆಲಸ ಬಿಡು ಅಂತ ದಯವಿಟ್ಟು ಹೇಳಬೇಡಿ. ಮನೆ ಸಾಲದ ಕಂತು ಇದೆ, ಅದು ಒಂದು. ಇನ್ನೊಂದು, ನನಗೆ ನನ್ನ ಕೆಲಸ ಇಷ್ಟ. ತಿಂಗಳ ಕೊನೆಗೆ ಲೆಕ್ಕ ಪೈಸೆಗೆ ಪೈಸೆ ಕೂಡಿಬಂದಾಗ ಆಗುವ ಸಮಾಧಾನ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಮೈಸೂರಿನ ಅಜ್ಜಿ

ಮಗೂ, ಆ ಹಲ್ಲನ್ನು ಎಸೆಯಬೇಡ. ಭಾನುವಾರ ಅವಳನ್ನು ಎತ್ತಿಕೊಂಡು ಸೂರಿನ ಮೇಲೆ ಅವಳ ಕೈಯಲ್ಲೇ ಹಾಕಿಸು.

ನಾನು ದೂರವಾಣಿ ಇಲಾಖೆಯಲ್ಲಿ 33 ವರ್ಷ ದುಡಿದವಳು. 1984ರಲ್ಲಿ ಮಗ ಹುಟ್ಟಿದಾಗ ನಮಗೆ ಇದ್ದದ್ದು 90 ದಿನ ರಜೆ. ತೊಂಬತ್ತೊಂದನೇ ದಿನ ನನ್ನ ಅಮ್ಮನ ಮಡಿಲಿಗೆ ಹಾಕಿ ಡ್ಯೂಟಿಗೆ ಹೋದೆ. ಅವಳಿಗೆ ಆಗುತ್ತದೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಇಂದಿಗೂ ಅದು ಮನಸ್ಸಿನಲ್ಲಿದೆ.

ಈಗ ನಾನೇ ಆ ಜಾಗದಲ್ಲಿದ್ದೇನೆ. ಮಗ ಸೊಸೆ ಇಬ್ಬರೂ ಸರ್ಜಾಪುರ ರಸ್ತೆ ಕಡೆ ಕೆಲಸಕ್ಕೆ ಹೋಗುತ್ತಾರೆ. ಮೂರು ವರ್ಷದಿಂದ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದೇನೆ. ಮೊದಲ ವರ್ಷ ಮೈಸೂರಿನ ಮನೆಗೆ ಬೀಗ. ತುಳಸಿ ಒಣಗಿಹೋಯಿತು. ವಾರಕ್ಕೊಮ್ಮೆ ಸೇರುತ್ತಿದ್ದ ಭಜನೆ ಗುಂಪು ಕೈತಪ್ಪಿತು. ಮೊಮ್ಮಗನ ಮೇಲೆ ಪ್ರಾಣ ಇದೆ, ಆದರೂ ಒಂದು ದಿನ ಸ್ನಾನದ ಮನೆಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಮಗನನ್ನು ಕೂರಿಸಿಕೊಂಡು ಹೇಳಿದೆ, ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ನಾನು, ಅಲ್ಲಿಂದ ಮುಂದೆ ನೀವು ಅಂತ. ಈಗ ಶುಕ್ರವಾರ ಸಂಜೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತುತ್ತೇನೆ. ಆ ರೈಲಿನಲ್ಲಿ ನನ್ನಂಥ ಅಜ್ಜಿಯರು ಇನ್ನೂ ಮೂವರು ಪರಿಚಯವಾಗಿದ್ದಾರೆ!

ಅತ್ತೆ ವಾಪಸ್ ಬರಲಿ ಅಂತ ಕಾಯಬೇಡ. ಬಂದರೂ ಎಷ್ಟು ಹೊತ್ತು ಆಗುತ್ತದೆ ಅಂತ ಕೇಳು. ಅಜ್ಜಿ ಇದ್ದಾಳಲ್ಲ ಅನ್ನುವ ಲೆಕ್ಕದಲ್ಲಿ ಅಜ್ಜಿಯ ವಯಸ್ಸನ್ನು ಯಾರೂ ಹಿಡಿಯುವುದಿಲ್ಲ.

ಬೊಮ್ಮನಹಳ್ಳಿ ಟೈಲರ್

ಅಕ್ಕ, ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂಡಿಸುವ ಕೆಲಸ ಮಾಡುತ್ತೇನೆ. ನಿಮ್ಮ ಮಗಳು ಫೋನ್ ಮಾಡಿದರೆ ನಿಮಗೆ ಎತ್ತೋಕಾದರೂ ಆಗುತ್ತೆ. ನಮಗೆ ಲೈನ್‌ಗೆ ಫೋನ್ ತರುವ ಹಾಗಿಲ್ಲ. ಸಂಜೆ ಗೇಟ್ ಹತ್ತಿರ ಆನ್ ಮಾಡಿದಾಗಲೇ ಏನಾಯಿತು ಅಂತ ಗೊತ್ತಾಗೋದು. ಫೋನ್ ಆನ್ ಆಗುವ ಆ ಅರ್ಧ ನಿಮಿಷ ಎದೆ ಹೊಡೆದುಕೊಳ್ಳುತ್ತೆ.

ಮೂವತ್ತಕ್ಕಿಂತ ಜಾಸ್ತಿ ಹೆಂಗಸರಿರುವ ಫ್ಯಾಕ್ಟರಿಯಲ್ಲಿ ಕ್ರೆಶ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು ಅಂತ ಫ್ಯಾಕ್ಟರಿ ಕಾಯ್ದೆಯಲ್ಲಿ ಹಿಂದಿನಿಂದಲೂ ಇತ್ತು. ನಮ್ಮಲ್ಲಿ ಇದೆ, ನನ್ನ ಮಗ ಅಲ್ಲೇ ಬೆಳೆದ. ಆದರೆ ಅದು ಆರು ವರ್ಷದ ಒಳಗಿನ ಮಕ್ಕಳಿಗೆ ಮಾತ್ರ. ಆರು ತುಂಬಿದ ಮೇಲೆ ಎಲ್ಲಿ ಬಿಡೋದು? ಪಾವಗಡ ಹತ್ತಿರ ನಮ್ಮಮ್ಮನ ಊರಿಗೆ ಬಿಟ್ಟು ಬಂದೆ. ಎರಡು ವರ್ಷ ಅಲ್ಲಿದ್ದ. ಹಬ್ಬಕ್ಕೆ ಹೋದಾಗ ಮಡಿಲಿಗೆ ಬರೋಕೂ ನಾಚಿಕೊಳ್ಳುತ್ತಿದ್ದ. ಹೋದ ವರ್ಷ ಗಟ್ಟಿ ಮನಸ್ಸು ಮಾಡಿ ಕರೆದುಕೊಂಡು ಬಂದೆ.

ಈಗ ನಮ್ಮ ವಠಾರದಲ್ಲಿ ನಾಲ್ಕು ಮನೆಯವರು ಸೇರಿ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಮೂಲೆ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಒಬ್ಬರೇ ಇರುವವರು. ಮಗುವಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತೇವೆ. ಐದು ಮಕ್ಕಳು. ಸಂಜೆ ಮಂಡಕ್ಕಿ ಕಲಸಿ ಕೊಡುತ್ತಾರೆ, ಹೊರಗೆ ಆಡೋಕೆ ಬಿಡುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಒಳಗೆ ಕರೆಯುತ್ತಾರೆ. ಮಗ್ಗಿ ಹೇಳಿಸುವುದೂ ಅವರೇ. ಓಟಿ ಇದ್ದ ದಿನ ಮಾತ್ರ ಕಷ್ಟ. ಅವತ್ತು ಯಾರು ಮೊದಲು ಬರುತ್ತಾರೋ ಅವರು ಎಲ್ಲ ಮಕ್ಕಳಿಗೂ ಊಟ ಹಾಕಬೇಕು ಅಂತ ಮಾತು. ಇದುವರೆಗೂ ಯಾರೂ ಮಾತು ತಪ್ಪಿಲ್ಲ.

ನೀವು ಎದುರು ಮನೆ ಆಂಟಿಗೆ ದುಡ್ಡು ಕೊಡುತ್ತೀರಾ? ಇಲ್ಲ ಅಂದರೆ ಕೊಡಿ. ಸಂಕೋಚ ಅರ್ಧ ಕಮ್ಮಿಯಾಗುತ್ತೆ, ನಿಮಗೂ ಅವರಿಗೂ.

ಧಾರವಾಡದ ಅಪ್ಪ

ಎಲ್ಲರೂ ಅಮ್ಮ, ಅತ್ತೆ, ಅಜ್ಜಿ, ಆಂಟಿ ಅಂತಲೇ ಬರೆದಿದ್ದೀರಿ. ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ನೇರವಾಗಿ ಕೇಳುತ್ತೇನೆ. ನಿಮ್ಮ ಯಜಮಾನರು ಏನಂತಾರ್ರೀ? ನಿಮ್ಮ ಬರಹದಲ್ಲಿ ಅವರು ಒಂದೇ ಸಾಲಿನಲ್ಲಿ ಬಂದು ಹೋದರು.

2019ರಲ್ಲಿ ಕೇಂದ್ರ ಸರ್ಕಾರ ದೇಶದ ತುಂಬಾ ಒಂದು ಸಮೀಕ್ಷೆ ಮಾಡಿತ್ತು, ಜನ ದಿನದ 24 ಗಂಟೆ ಹೇಗೆ ಕಳೆಯುತ್ತಾರೆ ಅಂತ. ಆಗ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಹಾಕುತ್ತಿದ್ದರು, ಗಂಡಸರು 97. ಆ 97 ಕೂಡ ಮನೆಗೆಲಸಕ್ಕೆ ಕೈ ಹಾಕುವ ಗಂಡಸರದ್ದು ಮಾತ್ರ, ಅಂಥವರು ನೂರಕ್ಕೆ 26 ಜನ. ಉಳಿದ 74 ಜನ ಆ ದಿನ ಒಂದು ಲೋಟವನ್ನೂ ತೊಳೆದಿಲ್ಲ. ಅದನ್ನು ಓದಿದಾಗ ನಾನು ಆ 74ರಲ್ಲಿದ್ದೆ. ಈಗಲೂ ನೆನೆದರೆ ನೋವಾಗುತ್ತದೆ.

ನನ್ನ ಹೆಂಡತಿ ಸ್ಟಾಫ್ ನರ್ಸು, ಮೂರು ಪಾಳಿ. ಅವಳು ಮಧ್ಯಾಹ್ನದ ಪಾಳಿಗೆ ಹೋದ ವಾರ ಮಗನನ್ನು ನೋಡಿಕೊಳ್ಳಲು ಅವಳ ತಂಗಿಯನ್ನು ಗದಗಿನಿಂದ ಕರೆಸುತ್ತಿದ್ದೆವು. ಒಂದು ಸಲ ತಂಗಿ ಬರಲಿಲ್ಲ. ಆ ವಾರ ನಾನು ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ನಾಲ್ಕಕ್ಕೆ ಎದ್ದು ಬಂದೆ. ಸಾಹೇಬರು ಕೇಳಿದರು, "ಯಾಕ್ರೀ, ಮನ್ಯಾಗ ಹೆಂಡ್ತಿ ಇಲ್ಲೇನು?" ಇದ್ದಾರೆ ಸರ್, ಅವರೂ ಡ್ಯೂಟಿಯಲ್ಲಿದ್ದಾರೆ ಅಂದೆ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಈಗ ಎರಡು ವರ್ಷದಿಂದ ಅದೇ ಹೊತ್ತು.

ಆ ವಾರ ನನಗೆ ಒಂದು ವಿಷಯ ಗೊತ್ತಾಯಿತು. ಮಗ ಬಾಗಿಲ ಹತ್ತಿರ ಕೂತು ಬೂಟು ಬಿಚ್ಚುತ್ತಾನಲ್ಲ, ಆ ಹತ್ತು ನಿಮಿಷದಲ್ಲೇ ಎಲ್ಲ ಹೇಳುತ್ತಾನೆ. ಯಾರು ಹೊಡೆದರು, ಯಾರು ಡಬ್ಬಿಯಲ್ಲಿ ಏನು ತಂದಿದ್ದರು, ಟೀಚರ್ ಯಾಕೆ ಬೈದರು, ಲೇಸು ಎಳೆಯುತ್ತಾ ಎಳೆಯುತ್ತಾ ತಾನಾಗೇ ಬರುತ್ತದೆ. ಬೂಟು ಮೂಲೆ ಸೇರಿದ ಮೇಲೆ ಕೇಳಿದರೆ "ಏನೂ ಇಲ್ಲ" ಅಷ್ಟೇ. ಆರು ವರ್ಷ ನಾನು ಮನೆಗೆ ಬಂದು "ಇವತ್ತೇನಾಯ್ತೋ" ಅಂತ ಕೇಳಿದ್ದೂ, "ಏನೂ ಇಲ್ಲ" ಅಂತ ಕೇಳಿಸಿಕೊಂಡಿದ್ದೂ ಯಾಕೆ ಅಂತ ಅವತ್ತು ತಿಳಿಯಿತು. ನಿಮ್ಮ ಮಗಳು "ಆಮೇಲೆ ಹೇಳ್ತೀನಿ" ಅಂದದ್ದು ಅದಕ್ಕೇ ಅನಿಸುತ್ತದೆ. ಆ ಹತ್ತು ನಿಮಿಷಕ್ಕೆ ಅಪ್ಪ ಇದ್ದರೂ ನಡೆಯುತ್ತದೆ ಮೇಡಂ.

ವಿಜಯನಗರದ ಅಮ್ಮ

ಧಾರವಾಡದ ಸರ್, ಬೇಜಾರಿಲ್ಲ. ಆದರೆ ನಿಮ್ಮ ಮಾತು ಓದಿ ಸುಮ್ನೆ ಕೂತುಬಿಟ್ಟೆ. ಅವರು ಒಲ್ಲೆ ಅಂದವರಲ್ಲ. ಬೆಳಿಗ್ಗೆ ಜಡೆ ಹಾಕುವುದರಿಂದ ವ್ಯಾನ್ ಹತ್ತಿಸುವವರೆಗೆ ಅವರದ್ದೇ ಕೆಲಸ. ಸಂಜೆಯ ವಿಷಯ ನಾನು ಕೇಳಿಯೇ ಇಲ್ಲ. ನನ್ನ ತಲೆಯಲ್ಲಿ ಅದು ಅತ್ತೆಯದ್ದು ಅಥವಾ ನನ್ನದು ಅಂತ ಕೂತುಬಿಟ್ಟಿತ್ತು. ಇವತ್ತು ಕೇಳುತ್ತೇನೆ.

ಬೊಮ್ಮನಹಳ್ಳಿ ತಂಗಿ, ಆಂಟಿಗೆ ದುಡ್ಡು ಕೊಟ್ಟಿರಲಿಲ್ಲ. ಹಬ್ಬಕ್ಕೆ ಸೀರೆ ಕೊಟ್ಟಿದ್ದೆ, ಅಷ್ಟೇ. ನೀವು ಹೇಳಿದ್ದು ಸರಿ.

ಎಚ್‌ಆರ್‌ನಲ್ಲಿ ಇರುವವಳು

ಕಾನೂನಿನಲ್ಲಿ ಏನಿದೆ ಅಂತ ಎರಡು ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕಿತ್ತು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಇವೆ. ಆದರೆ ಕೇಂದ್ರದ ಮಾರ್ಗಸೂಚಿಯಲ್ಲಿ ಹೇಳಿರುವುದು ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ. ಏಳು ವರ್ಷದ ನಿಮ್ಮ ಮಗಳು ಅದರಾಚೆ. ಹೆರಿಗೆ ರಜೆ ಆದ ಮೇಲೆ ಮನೆಯಿಂದ ಕೆಲಸ ಮಾಡುವ ಅವಕಾಶವೂ ಸಂಹಿತೆಯಲ್ಲಿದೆ, ಆದರೆ ಕಂಪನಿ ಒಪ್ಪಿದರೆ ಮಾತ್ರ. ಅಂದರೆ ನಿಮ್ಮ ಆ ಮೂರೂವರೆ ಗಂಟೆಗೆ ಕಾನೂನಿನಲ್ಲಿ ಏನೂ ಇಲ್ಲ. ಕೇಳಿಯೇ ಪಡೆಯಬೇಕು.

ಕೇಳುವ ರೀತಿ ಹೇಳುತ್ತೇನೆ. "ಸ್ವಲ್ಪ ಬೇಗ ಹೋಗಬಹುದಾ ಸರ್" ಅಂತ ಬಾಯಿಮಾತಲ್ಲಿ ಕೇಳಬೇಡಿ, ಅದು ಆ ದಿನದ ಮಟ್ಟಿಗೆ ಸಿಗುತ್ತದೆ, ಮರುದಿನ ಮತ್ತೆ ಕೇಳಬೇಕು. ಮೇಲ್ ಬರೆಯಿರಿ. ಯಾವ ದಿನ, ಎಷ್ಟರಿಂದ ಎಷ್ಟು, ಎಷ್ಟು ತಿಂಗಳು, ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ಏನು ಮಾಡುತ್ತೀರಿ, ಎಲ್ಲ ಬರೆಯಿರಿ. ಮೂರು ತಿಂಗಳು ನೋಡೋಣ ಅನ್ನಿ. ನನ್ನ ಟೇಬಲ್‌ಗೆ ಹೀಗೆ ಬಂದ ಅರ್ಜಿಗಳನ್ನು ಇಲ್ಲ ಅನ್ನುವುದು ಮ್ಯಾನೇಜರ್‌ಗಳಿಗೆ ಕಷ್ಟ.

ಯಾದಗಿರಿ ಟೀಚರ್

ನಾನು ಸರ್ಕಾರಿ ಶಾಲೆ ಶಿಕ್ಷಕಿ. ನಮಗೆ 2021ರಿಂದ ಮಕ್ಕಳ ಆರೈಕೆಗೆ ಅಂತ ಸೇವೆಯ ಅವಧಿಯಲ್ಲಿ ಒಟ್ಟು ಆರು ತಿಂಗಳ ರಜೆ ಇದೆ. ಕೇಂದ್ರ ಸರ್ಕಾರದ ನೌಕರರಿಗೆ 730 ದಿನ. ಮಗಳಿಗೆ ಟೈಫಾಯ್ಡ್ ಆದಾಗ 20 ದಿನ ತೆಗೆದುಕೊಂಡೆ. ಮಂಜೂರು ಮಾಡಿಸಿಕೊಳ್ಳಲು ಓಡಾಡಿದ್ದು ಬೇರೆ ಮಾತು, ಆದರೂ ಇದೆಯಲ್ಲ ಅನ್ನುವುದೇ ಧೈರ್ಯ.

ನಾನು ಬರೆಯಬೇಕು ಅಂದುಕೊಂಡದ್ದು ನನ್ನ ವಿಷಯ ಅಲ್ಲ. ನೀವು ಕೇಳಿದ ಪ್ರಶ್ನೆಗೆ ನಮ್ಮ ಊರಲ್ಲಿ ಬೇರೆ ಉತ್ತರ ಇದೆ. ಅಕ್ಕ ನೋಡಿಕೊಳ್ಳುತ್ತಾಳೆ. ಆ ಅಕ್ಕನಿಗೆ ಹತ್ತು ವರ್ಷ. ಹತ್ತಿ ಬಿಡಿಸುವ ಹಂಗಾಮು ಬಂದರೆ ನನ್ನ ಐದನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಸಾಲು ಖಾಲಿಯಾಗುತ್ತದೆ. ಅಮ್ಮ ಹೊಲಕ್ಕೆ ಹೋದರೆ ಕೂಸನ್ನು ಎತ್ತಿಕೊಳ್ಳುವವರು ಯಾರು? ಒಬ್ಬಳು ಹುಡುಗಿ ಹೋದ ವರ್ಷ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಕ್ಲಾಸಿಗೆ ಬಂದಳು. ಅವನು ಹಸಿದು ಅತ್ತಾಗ ತಾನೇ ಎದ್ದು ಹೊರಗೆ ಹೋಗಿ ಬಾಗಿಲ ಬಳಿ ನಿಂತು ಪಾಠ ಕೇಳುತ್ತಿದ್ದಳು. ಹೊರಗೆ ಹೋಗು ಅಂತ ನಾನು ಹೇಳಿರಲಿಲ್ಲ, ಬೇರೆಯವರಿಗೆ ತೊಂದರೆ ಆಗಬಾರದು ಅಂತ ಅವಳಿಗೇ ಅನಿಸಿತ್ತು.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವುದಾಗಿ 2023ರ ರಾಜ್ಯ ಬಜೆಟ್‌ನಲ್ಲಿ ಹೇಳಿದರು, 4,000 ಪಂಚಾಯಿತಿಗಳಲ್ಲಿ. ನಮ್ಮ ಪಂಚಾಯಿತಿಯಲ್ಲಿ ತೆರೆದ ಮೇಲೆ ಆ ಹುಡುಗಿ ಕೈಬೀಸಿಕೊಂಡು ಶಾಲೆಗೆ ಬಂದಳು. ದುಡಿಯುವ ತಾಯಿ ಅಂದರೆ ಆಫೀಸಿಗೆ ಹೋಗುವವರು ಮಾತ್ರ ಅಲ್ಲ, ಅಲ್ವಾ? ಇಲ್ಲಿ ಮಾತಾಡುವಾಗ ಅವರನ್ನೂ ನೆನಪಿಟ್ಟುಕೊಳ್ಳಿ ಅಂತ ಬರೆದೆ.

ಸ್ಟಟ್‌ಗಾರ್ಟ್ ಕನ್ನಡಿಗ

ಯಾದಗಿರಿ ಟೀಚರ್ ಬರೆದದ್ದು ಓದಿ ಮನಸ್ಸು ಭಾರವಾಯಿತು.

ಜರ್ಮನಿಯಲ್ಲಿ ಈ ಮೂರು ಗಂಟೆಯ ಸಮಸ್ಯೆ ಇಲ್ಲ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದಾರೆ. ಇದೆ. ಇಲ್ಲಿ ಮಗು ಹುಟ್ಟಿದಾಗ ಅಪ್ಪ ಅಮ್ಮ ಇಬ್ಬರೂ ಹಂಚಿಕೊಂಡರೆ ಒಟ್ಟು 14 ತಿಂಗಳು ಸರ್ಕಾರದಿಂದ ಹಣ ಬರುತ್ತದೆ. ಅದರಲ್ಲಿ ನಾನು ಎರಡು ತಿಂಗಳು ಮನೆಯಲ್ಲಿದ್ದೆ, ಜೀವನದಲ್ಲಿ ಅಂಥ ಎರಡು ತಿಂಗಳು ಮತ್ತೆ ಬರಲಿಲ್ಲ. ಆದರೆ ಪ್ರಾಥಮಿಕ ಶಾಲೆ ಎಷ್ಟೋ ಕಡೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಆಮೇಲೆ ನೋಡಿಕೊಳ್ಳುವ ಜಾಗ ಸಿಗುವುದು ಕಷ್ಟ. ಅದಕ್ಕೇ 2021ರಲ್ಲಿ ಇಲ್ಲಿ ಒಂದು ಕಾನೂನು ಮಾಡಿದರು. 2026ರ ಆಗಸ್ಟ್‌ನಿಂದ ಒಂದನೇ ಕ್ಲಾಸಿಗೆ ಸೇರುವ ಮಕ್ಕಳಿಗೆ ವಾರದ ಐದು ದಿನ, ಶಾಲೆಯೂ ಸೇರಿ ದಿನಕ್ಕೆ ಎಂಟು ಗಂಟೆ ಆರೈಕೆ ಸಿಗುವುದು ಹಕ್ಕು. ಆಮೇಲೆ ವರ್ಷಕ್ಕೊಂದು ಕ್ಲಾಸಿನಂತೆ ನಾಲ್ಕನೇ ಕ್ಲಾಸಿನವರೆಗೂ ಹಬ್ಬುತ್ತದೆ. ನನ್ನ ಮಗ ದೊಡ್ಡವನು, ಅವನಿಗೆ ಸಿಗುವುದಿಲ್ಲ. ಮಗಳಿಗೆ ಸಿಗುತ್ತದೆ.

ಇಷ್ಟೆಲ್ಲ ಬರೆದದ್ದು ಹೋಲಿಸುವುದಕ್ಕಲ್ಲ. ಇಲ್ಲಿ ಎದುರು ಮನೆ ಆಂಟಿ ಇಲ್ಲ. ಕೆಲಸದಿಂದ ಬರುವುದು ಹತ್ತು ನಿಮಿಷ ತಡವಾದರೆ ಯಾರನ್ನೂ ಕೇಳುವ ಹಾಗಿಲ್ಲ. ಆದರೆ ಶಾಲೆ ಮುಗಿದ ಮೇಲಿನ ಹೊತ್ತು ಮನೆಯವರ ಖಾಸಗಿ ತಲೆನೋವಲ್ಲ, ಸರ್ಕಾರ ನೋಡಬೇಕಾದ ವಿಷಯ ಅಂತ ಒಂದು ದೇಶ ಒಪ್ಪಿಕೊಂಡಿತಲ್ಲ, ಅದು ನಮಗೂ ಬೇಕು ಅನಿಸುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಕಟ್ಟಡ ಇದೆ, ಮೈದಾನ ಇದೆ, ಸಂಜೆ ಬೀಗ ಹಾಕಿರುತ್ತದೆ.

ದಾವಣಗೆರೆಯವಳು

ನಾನು 2019ರಲ್ಲಿ ಕೆಲಸ ಬಿಟ್ಟವಳು. ನೀವು ಬೇಡ ಅಂದರೂ ನನ್ನ ಅನುಭವ ಹೇಳುತ್ತೇನೆ, ಬಿಡಿ ಅಂತ ಹೇಳುವುದಕ್ಕಲ್ಲ. ಆ ನಾಲ್ಕು ವರ್ಷ ಮಗನ ಜೊತೆ ಇದ್ದದ್ದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪ ಇಲ್ಲ. ಆದರೆ 2023ರಲ್ಲಿ ಮತ್ತೆ ಕೆಲಸ ಹುಡುಕಿದಾಗ ಬಿಟ್ಟಾಗ ಇದ್ದ ಸಂಬಳವೂ ಸಿಗಲಿಲ್ಲ. ಇಂಟರ್‌ವ್ಯೂನಲ್ಲಿ ಎಲ್ಲರೂ ಕೇಳಿದ್ದು ಒಂದೇ, ಈ ನಾಲ್ಕು ವರ್ಷ ಏನು ಮಾಡುತ್ತಿದ್ದಿರಿ ಅಂತ. ಮಗನನ್ನು ಬೆಳೆಸುತ್ತಿದ್ದೆ ಅಂದರೆ ಅದನ್ನು ಬರೆದುಕೊಳ್ಳಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ. ಬಿಡುವ ಮುಂಚೆ ಸಂಬಳವಿಲ್ಲದ ರಜೆಯನ್ನಾದರೂ ಕೇಳಿ. ನನಗೆ ಅದನ್ನು ಕೇಳಬಹುದು ಅಂತಲೇ ಗೊತ್ತಿರಲಿಲ್ಲ.

ರಾಜಾಜಿನಗರದ ಡೇಕೇರ್ ಆಂಟಿ

ಹನ್ನೊಂದು ವರ್ಷದಿಂದ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದೇನೆ. ಸ್ಕೂಲು ಬಿಟ್ಟ ಮೇಲೆ ಬರುವ ಮಕ್ಕಳು ಎಂಟು. ಅಪ್ಪ ಅಮ್ಮಂದಿರು ಬಂದವರೇ ಕ್ಯಾಮೆರಾ ಇದೆಯಾ, ಎಸಿ ಇದೆಯಾ ಅಂತ ಕೇಳುತ್ತಾರೆ. ಕೇಳಬೇಕಾದ್ದು ಬೇರೆ. ವ್ಯಾನಿಂದ ಮಗುವನ್ನು ಇಳಿಸಿಕೊಳ್ಳುವವರು ಯಾರು? ಅವರು ಬರದ ದಿನ ಯಾರು? ಮಗುವಿಗೆ ಜ್ವರ ಬಂದರೆ ಎಲ್ಲಿ ಮಲಗಿಸುತ್ತೀರಿ? ಟಿವಿ ಎಷ್ಟು ಹೊತ್ತು? ಹೇಳದೆ ಕೇಳದೆ ಒಂದು ಸಂಜೆ ಐದು ಗಂಟೆಗೆ ಹೋಗಿ ಬಾಗಿಲಲ್ಲಿ ನಿಂತು ಸದ್ದು ಕೇಳಿ. ಮಕ್ಕಳಿರುವ ಮನೆಯಲ್ಲಿ ಗಲಾಟೆ ಇರಬೇಕು. ನಿಶ್ಶಬ್ದವಾಗಿದ್ದರೆ ವಾಪಸ್ ಬನ್ನಿ.

ಇನ್ನೊಂದು. ಕರೆದುಕೊಂಡು ಹೋಗೋಕೆ ಬಂದಾಗ ಫೋನ್ ಕಿವಿಯಲ್ಲಿ ಇಟ್ಟುಕೊಂಡು ಬರಬೇಡಿ. ಮಗು ಮೂರು ಗಂಟೆಯಿಂದ ಆ ಗೇಟನ್ನೇ ನೋಡುತ್ತಿರುತ್ತದೆ.

ವಿಜಯನಗರದ ಅಮ್ಮ

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕಲ್ಲ, ಇಷ್ಟು ಜನ ಕೂತು ಬರೆದಿದ್ದೀರಿ.

ಯಜಮಾನರು ಶಿಫ್ಟ್ ಇನ್‌ಚಾರ್ಜ್ ಹತ್ತಿರ ಮಾತಾಡಿದರು. ಬೆಳಿಗ್ಗೆ ಆರರಿಂದ ಎರಡರ ಪಾಳಿಗೆ ಹೋಗಲು ಯಾರೂ ಇಷ್ಟಪಡುವುದಿಲ್ಲವಂತೆ, ಕೇಳಿದ ತಕ್ಷಣ ಕೊಟ್ಟರು. ಆದರೆ ತಿಂಗಳಲ್ಲಿ ಎರಡು ವಾರ ಮಾತ್ರ. ಆ ಎರಡು ವಾರ ಬೆಳಗಿನ ಜಡೆ, ಡಬ್ಬಿ, ವ್ಯಾನು ನನ್ನದು, ಸಂಜೆ ಅವರದ್ದು. ಉಳಿದ ಎರಡು ವಾರಕ್ಕೆ ನಾನು ಮೇಲ್ ಬರೆದೆ, ಎಚ್‌ಆರ್ ಮೇಡಂ ಹೇಳಿದ ಹಾಗೇ. ಮಂಗಳವಾರ, ಗುರುವಾರ ಮನೆಯಿಂದ ಕೆಲಸ, ಮೂರು ತಿಂಗಳು ನೋಡೋಣ ಅಂದಿದ್ದಾರೆ. ಕಡೆಯ ವಾರ ಲೆಕ್ಕ ಮುಗಿಸುವ ದಿನಗಳಲ್ಲಿ ಆಗುವುದಿಲ್ಲ, ಅದನ್ನು ನಾನೇ ಬರೆದಿದ್ದೆ. ಮಿಕ್ಕ ದಿನ ಎದುರು ಮನೆ ಆಂಟಿ. ತಿಂಗಳಿಗೆ ಇಷ್ಟು ಅಂತ ಹೇಳಿದಾಗ ಮೊದಲು ಬೇಡವೇ ಬೇಡ ಅಂದರು. ಎರಡನೇ ಸಲ ಹೇಳಿದಾಗ ತೆಗೆದುಕೊಂಡು, "ಹಾಗಾದ್ರೆ ಸಂಜೆ ತಿಂಡಿ ನಾನೇ ಮಾಡ್ತೀನಿ, ಬಿಸ್ಕತ್ತು ಕಳಿಸ್ಬೇಡ" ಅಂದರು.

ಅತ್ತೆಗೂ ಫೋನ್ ಮಾಡಿ ಕೇಳಿದೆ, ನಿಮಗೆ ಎಷ್ಟು ಆಗುತ್ತದೆ ಅಂತ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಬೇಸಿಗೆ ರಜೆಯಲ್ಲಿ ಮಗುವನ್ನು ಇಲ್ಲಿಗೇ ಕಳಿಸು, ಅಲ್ಲಿಗೆ ಬರೋಕೆ ಇನ್ನು ಆಗುವುದಿಲ್ಲ ಅಂದರು. ಇಷ್ಟು ವರ್ಷದಲ್ಲಿ ಆಗುವುದಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು.

ಹಲ್ಲನ್ನು ಸೂರಿನ ಮೇಲೆ ಹಾಕಿದೆವು, ಅಜ್ಜಿ. ಮೊದಲ ಸಲ ಎಸೆದದ್ದು ಉರುಳಿ ವಾಪಸ್ ಅವಳ ಕಾಲ ಬಳಿಯೇ ಬಿತ್ತು. ಅಪ್ಪನ ಹೆಗಲ ಮೇಲೆ ಕೂತು ಎರಡನೇ ಸಲ ಎಸೆದಳು. ಈಗ ಪಕ್ಕದ ಹಲ್ಲೂ ಅಲ್ಲಾಡುತ್ತಿದೆ. ದಿನಾ ಸಂಜೆ ನಾಲಿಗೆಯಲ್ಲಿ ತಳ್ಳಿ ತೋರಿಸುತ್ತಾಳೆ, ಬೂಟು ಬಿಚ್ಚುವಾಗ.